ಶಾಲೆಯವರು ‘ನಮ್ಮಲ್ಲಿ ಆಗಲ್ಲ’ ಅಂದರೆ ಏನು ಮಾಡಬೇಕು?

ನನ್ನ ಅಕ್ಕನ ಮಗ ಮೂರನೇ ಕ್ಲಾಸಿನಲ್ಲಿದ್ದಾಗಿನ ಕನ್ನಡ ನೋಟ್‌ಬುಕ್ ಇನ್ನೂ ಮನೆಯಲ್ಲಿದೆ. ‘ಅಮ್ಮ’ ಇರಬೇಕಾದ ಕಡೆ ‘ಅಮ’, ‘ಹಕ್ಕಿ’ ಬದಲು ‘ಹಕಿ’. ಒತ್ತಕ್ಷರ ಬಂದಲ್ಲೆಲ್ಲ ರಬ್ಬರಿನಲ್ಲಿ ಉಜ್ಜಿ ಉಜ್ಜಿ ಹಾಳೆ ತೂತಾಗಿದೆ. ಅದೇ ಹುಡುಗನಿಗೆ ಪಾಠ ಓದಿ ಹೇಳಿದರೆ ಸಾಕು, ಪ್ರಶ್ನೆಗೆಲ್ಲ ಬಾಯಲ್ಲಿ ಪಟಪಟ ಉತ್ತರ ಕೊಡುತ್ತಿದ್ದ. ಶಾಲೆಯವರು ಅಕ್ಕನನ್ನು ಕರೆಸಿ, ‘ಇವನಿಗೆ ನಮ್ಮಲ್ಲಿ ಆಗಲ್ಲ, ಬೇರೆ ಕಡೆ ನೋಡಿ’ ಅಂದರು. ಅಕ್ಕ ಸುಮ್ನೆ ತಲೆಯಾಡಿಸಿ ಬಂದಳು. ಕಾನೂನು ತನ್ನ ಕಡೆ ಇದೆ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ.

ಅಂಥ ಕಾನೂನು ಬರಲು ನಮ್ಮಲ್ಲಿ ಬಹಳ ಕಾಲ ಹಿಡಿಯಿತು. 1974ರಲ್ಲಿ ಕೇಂದ್ರ ಸರ್ಕಾರ ವಿಕಲಚೇತನ ಮಕ್ಕಳನ್ನು ಸಾಮಾನ್ಯ ಶಾಲೆಗೆ ಸೇರಿಸಲು ಒಂದು ಯೋಜನೆ ತಂದಿತು. ಆದರೆ ಯೋಜನೆ ಅಂದರೆ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. 1995ರ ಕಾಯ್ದೆಯಲ್ಲಿ 18 ವರ್ಷದವರೆಗೆ ಉಚಿತ ಶಿಕ್ಷಣದ ಮಾತು ಬಂತು. ಅದರ ಪಟ್ಟಿಯಲ್ಲಿದ್ದದ್ದು ಮಾತ್ರ ಏಳೇ ಬಗೆಯ ವೈಕಲ್ಯ. ಡಿಸ್ಲೆಕ್ಸಿಯಾ, ಅಂದರೆ ಓದು-ಬರಹ ಕಷ್ಟವಾಗುವ ಕಲಿಕೆಯ ತೊಂದರೆ, ಇಲ್ಲ, ಆಟಿಸಂ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಿ ತಿದ್ದುಪಡಿ ತಂದು ವಿಕಲಚೇತನ ಮಕ್ಕಳನ್ನು ಹೆಸರು ಹಿಡಿದು ಸೇರಿಸಿದರು. ಕೊನೆಗೆ ಬಂದದ್ದು ವಿಕಲಚೇತನರ ಹಕ್ಕುಗಳ ಕಾಯ್ದೆ 2016. ಏಳಿದ್ದ ಪಟ್ಟಿ 21 ಆಯಿತು, ಕಲಿಕಾ ನ್ಯೂನತೆಯೂ ಒಳಗೆ ಬಂತು. 2017ರ ಏಪ್ರಿಲ್ 19ರಿಂದ ಇದು ಜಾರಿಯಲ್ಲಿದೆ. ನಿಮ್ಮ ಕೈಯಲ್ಲಿರಬೇಕಾದದ್ದು ಇದೇ.

ಮೊದಲ ಹೆಜ್ಜೆ: ಬರೆದಿಡಿ

ಎರಡು ವಾರ ಮಗುವನ್ನು ಗಮನಿಸಿ. ‘ಓದಲ್ಲ, ಸೋಮಾರಿ’ ಅಂತ ಬರೆಯಬೇಡಿ. ಕಂಡದ್ದನ್ನು ಕಂಡ ಹಾಗೆ ಬರೆಯಿರಿ. ‘ಬೋರ್ಡಿನ ಐದು ಸಾಲು ಬರೆದುಕೊಳ್ಳಲು 25 ನಿಮಿಷ ಬೇಕಾಯಿತು’, ‘ಹಿಂದಿನಿಂದ ಕರೆದರೆ ತಿರುಗುವುದಿಲ್ಲ’ ಅನ್ನುವಂಥ ಮಾತು ಡಾಕ್ಟರಿಗೂ ಬೇಕು, ಟೀಚರಿಗೂ ಬೇಕು. ಹಳೆಯ ನೋಟ್‌ಬುಕ್, ಉತ್ತರ ಪತ್ರಿಕೆ ಯಾವುದನ್ನೂ ಎಸೆಯಬೇಡಿ.

ಎರಡನೇ ಹೆಜ್ಜೆ: ಸರ್ಟಿಫಿಕೇಟು

ವೈಕಲ್ಯದ ಸರ್ಟಿಫಿಕೇಟಿಗೂ ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೂ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ. ಸರ್ಕಾರ ಗೊತ್ತುಮಾಡಿದ ಆಸ್ಪತ್ರೆಯಲ್ಲಿ ತಪಾಸಣೆ ಆಗುತ್ತದೆ. ಹಳ್ಳಿಯಲ್ಲಿದ್ದರೆ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ, ಅರ್ಜಿಗೆ ನೆರವಾಗುತ್ತಾರೆ. ವೈಕಲ್ಯ ಶೇ 40 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲೋ ವಿಶೇಷ ಶಾಲೆಯಲ್ಲೋ ಉಚಿತವಾಗಿ ಕಲಿಯುವುದು ಮಗುವಿನ ಹಕ್ಕು. ಯಾವ ಶಾಲೆ ಅನ್ನುವ ಆಯ್ಕೆ ನಿಮ್ಮದು, ಶಾಲೆಯವರದಲ್ಲ.

ಶೇ 40 ಇಲ್ಲ ಅಂತ ಕೈಚೆಲ್ಲಬೇಡಿ. ರೈಟರ್ಸ್ ಕ್ರ್ಯಾಂಪ್, ಅಂದರೆ ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆ ಇದ್ದ ಅಭ್ಯರ್ಥಿಯೊಬ್ಬರಿಗೆ ಪರೀಕ್ಷೆಯಲ್ಲಿ ಸ್ಕ್ರೈಬ್, ಅಂದರೆ ಹೇಳಿದ ಉತ್ತರ ಬರೆದುಕೊಡುವವರನ್ನು, ಕೊಡಲು ಒಪ್ಪಿರಲಿಲ್ಲ. 2021ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಅವರ ಪರವಾಗಿ ತೀರ್ಪು ಕೊಟ್ಟಿತು. ಅಗತ್ಯಕ್ಕೆ ತಕ್ಕ ಅನುಕೂಲ ಮಾಡಿಕೊಡುವುದನ್ನು ಶೇ 40ರ ಗೆರೆಗೆ ಕಟ್ಟಿಹಾಕಬಾರದು ಅಂತ ಸ್ಪಷ್ಟವಾಗಿ ಹೇಳಿತು. ಇದು ವಿಕಾಸ್ ಕುಮಾರ್ ಪ್ರಕರಣ. ಹೆಸರು ನೆನಪಿಟ್ಟುಕೊಳ್ಳಿ, ಅರ್ಜಿಯಲ್ಲಿ ಬೇಕಾಗುತ್ತದೆ.

ಮೂರನೇ ಹೆಜ್ಜೆ: ಅರ್ಜಿ

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಹೆಜ್ಜೆ ಇದು. ಹೆಡ್‌ಮಾಸ್ಟರ ಕೋಣೆಯಲ್ಲಿ ನಿಂತು ಎಷ್ಟು ಹೊತ್ತು ಬೇಡಿಕೊಂಡರೂ ಆ ಮಾತು ಅಲ್ಲೇ ಉಳಿಯುತ್ತದೆ. ಕಾಗದದಲ್ಲಿ ಕೇಳಿದ್ದಕ್ಕೆ ಅವರು ಉತ್ತರ ಕೊಡಲೇಬೇಕಾಗುತ್ತದೆ. ಹೀಗೆ ಬರೆಯಿರಿ:

‘ನನ್ನ ಮಗ 3ನೇ ತರಗತಿಯಲ್ಲಿ ಓದುತ್ತಿದ್ದಾನೆ. ಬೋರ್ಡು ನೋಡಿ ಬರೆಯಲು ಅವನಿಗೆ ಬೇರೆಯವರಿಗಿಂತ ತುಂಬ ಜಾಸ್ತಿ ಸಮಯ ಬೇಕು. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರ ಸೆಕ್ಷನ್ 16ರ ಪ್ರಕಾರ ಅವನಿಗೆ ಮುಂದಿನ ಬೆಂಚು, ಬೋರ್ಡಿನ ಬರಹದ ಜೆರಾಕ್ಸ್ ಮತ್ತು ಕಿರುಪರೀಕ್ಷೆಯಲ್ಲಿ ಬಾಯಲ್ಲಿ ಉತ್ತರ ಹೇಳಲು ಅವಕಾಶ ಕೊಡಬೇಕೆಂದು ಕೋರುತ್ತೇನೆ. ಆಗದಿದ್ದರೆ ಕಾರಣವನ್ನು ಬರವಣಿಗೆಯಲ್ಲಿ ತಿಳಿಸಿ.’

‘ನನ್ನ ಮಗುವಿಗೆ ಸಹಾಯ ಮಾಡಿ’ ಅಂತ ಬರೆದರೆ ಯಾರಿಗೂ ಏನು ಮಾಡಬೇಕು ಅಂತ ತಿಳಿಯುವುದಿಲ್ಲ. ಬೆಂಚು, ಜೆರಾಕ್ಸ್ ಅಂತ ಬರೆದರೆ ಟೀಚರು ನಾಳೆಯಿಂದಲೇ ಶುರುಮಾಡಬಹುದು, ಅಲ್ವಾ? ಎರಡು ಪ್ರತಿ ಮಾಡಿ. ನಿಮ್ಮ ಪ್ರತಿಯ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳದೆ ಅಲ್ಲಿಂದ ಏಳಬೇಡಿ.

ಸೆಕ್ಷನ್ 16 ಸರ್ಕಾರಿ ಶಾಲೆಗಷ್ಟೇ ಅಲ್ಲ, ಮಾನ್ಯತೆ ಪಡೆದ ಖಾಸಗಿ ಶಾಲೆಗೂ ಅನ್ವಯಿಸುತ್ತದೆ. ಹೊಸದಾಗಿ ಸೇರಿಸಲು ಹೋದಾಗ ಮಗುವಿಗೆ ‘ಟೆಸ್ಟ್’ ಕೊಡುತ್ತೇವೆ ಅಂದರೆ ಅದೂ ತಪ್ಪು. ಶಿಕ್ಷಣ ಹಕ್ಕು ಕಾಯ್ದೆಯ ಸೆಕ್ಷನ್ 13ರ ಪ್ರಕಾರ ಅದಕ್ಕೆ ಮೊದಲ ಸಲ 25,000 ರೂಪಾಯಿವರೆಗೆ ದಂಡವಿದೆ.

ನಾಲ್ಕನೇ ಹೆಜ್ಜೆ: ಪರೀಕ್ಷೆ

ಹೆಚ್ಚು ಸಮಯ, ಸ್ಕ್ರೈಬ್, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ, ಇವೆಲ್ಲ 2016ರ ಕಾಯ್ದೆಯ ಸೆಕ್ಷನ್ 17ರಲ್ಲಿವೆ. ಎಸ್ಸೆಸ್ಸೆಲ್ಸಿಗೆ ಈ ಅರ್ಜಿ ಶಾಲೆಯ ಮೂಲಕ ಬೋರ್ಡಿಗೆ ಹೋಗಬೇಕು. ಒಂಬತ್ತನೇ ಕ್ಲಾಸಿನಲ್ಲೇ ಸರ್ಟಿಫಿಕೇಟು ಸಿದ್ಧವಿರಲಿ.

ಐದನೇ ಹೆಜ್ಜೆ: ಆದರೂ ಒಪ್ಪದಿದ್ದರೆ

ಮೊದಲು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೋಗಿ. ನಿಮ್ಮ ಬ್ಲಾಕಿನ ಬಿಐಇಆರ್‌ಟಿ ಯಾರು ಅಂತ ಅಲ್ಲಿ ಕೇಳಿ. ವಿಶೇಷ ಅಗತ್ಯವಿರುವ ಮಕ್ಕಳಿಗಾಗಿಯೇ ಇರುವ ಸಂಪನ್ಮೂಲ ಶಿಕ್ಷಕರು ಅವರು. ಎಷ್ಟೋ ಸಲ ಅವರು ಒಮ್ಮೆ ಶಾಲೆಗೆ ಬಂದು ಮಾತಾಡಿದರೆ ಟೀಚರುಗಳ ಭಯ ಇಳಿಯುತ್ತದೆ. ಬೇಡ ಅನ್ನುವವರಲ್ಲಿ ಹೆಚ್ಚಿನವರಿಗೆ ಇರುವುದು ಭಯವೇ.

ಅಲ್ಲೂ ಆಗದಿದ್ದರೆ ವಿಕಲಚೇತನರ ರಾಜ್ಯ ಆಯುಕ್ತರಿಗೆ ದೂರು ಕೊಡಿ. ಇದಕ್ಕೆ ವಕೀಲರೇ ಬೇಕೆಂದಿಲ್ಲ. ಸಾಕ್ಷಿ ಕರೆಸಲು, ಕಡತ ತರಿಸಲು ಆಯುಕ್ತರಿಗೆ ಸಿವಿಲ್ ಕೋರ್ಟಿನಷ್ಟೇ ಅಧಿಕಾರವಿದೆ. ಅವರ ಶಿಫಾರಸನ್ನು ಒಪ್ಪದವರು ಮೂರು ತಿಂಗಳೊಳಗೆ ಕಾರಣ ಹೇಳಬೇಕು. ಸೀಲು ಹಾಕಿಸಿಕೊಂಡ ಅರ್ಜಿ, ತೂತಾದ ಆ ನೋಟ್‌ಬುಕ್ ಹಾಳೆ, ಎಲ್ಲದರ ಜೆರಾಕ್ಸ್ ದೂರಿನ ಜೊತೆ ಇಡಿ.

ಇದೆಲ್ಲ ನಡೆಯುವಾಗ ಮಗು ದಿನಾ ಶಾಲೆಗೆ ಹೋಗುತ್ತಿರಲಿ. ‘ನೀವೇ ಟಿಸಿ ತಗೊಂಡುಬಿಡಿ’ ಅಂದರೆ ಒಪ್ಪಬೇಡಿ, ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಎಂಟನೇ ಕ್ಲಾಸು ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ. ಅದು ಶಿಕ್ಷಣ ಹಕ್ಕು ಕಾಯ್ದೆಯ ಸೆಕ್ಷನ್ 16.