ಬೋಟ್ ಬಂದ್ ಆದಾಗಿನ ಶಿಬಿರ

ನಮ್ಮ ರಾಷ್ಟ್ರೀಯ ಫುಟ್ಬಾಲ್ ತಂಡದ ಕೋಚ್ ಆದವರೆಲ್ಲ ಹೇಳುವ ದೂರು ಒಂದೇ: ದಿನ ಸಾಲುವುದಿಲ್ಲ. ಕೋಚ್ ಆಗಿದ್ದ ಇಗೊರ್ ಸ್ಟಿಮಾಚ್ ಏಷ್ಯನ್ ಕಪ್‌ಗೆ ನಾಲ್ಕು ವಾರವಾದರೂ ಶಿಬಿರ ಕೊಡಿ ಎಂದು ಕೇಳುತ್ತಲೇ ಇದ್ದರು. ಆದರೆ ದೇಶದ ಕ್ಲಬ್‌ಗಳ ಲೀಗ್ ಐಎಸ್‌ಎಲ್ ಡಿಸೆಂಬರ್ ಕೊನೆಯವರೆಗೂ ನಡೆಯಿತು. ತಂಡ 2023ರ ಡಿಸೆಂಬರ್ 30ಕ್ಕೆ ದೋಹಾ ಮುಟ್ಟಿ, ಜನವರಿ 13ಕ್ಕೆ ಆಸ್ಟ್ರೇಲಿಯಾ ಎದುರು ಇಳಿಯಿತು. ಅಲ್ಲಿ 0-2, ಉಜ್ಬೇಕಿಸ್ತಾನದ ಎದುರು 0-3, ಸಿರಿಯಾ ಎದುರು 0-1. ಮೂರು ಪಂದ್ಯ, ಒಂದೂ ಗೋಲಿಲ್ಲ.

ಹಾಗಂತ ದಿನ ಸಿಕ್ಕರೆ ಎಲ್ಲ ಸರಿಹೋಗುತ್ತದೆ ಅನ್ನಲೂ ಬರುವುದಿಲ್ಲ. 2011ರ ಏಷ್ಯನ್ ಕಪ್‌ಗೆ ಆಗಿನ ಕೋಚ್ ಬಾಬ್ ಹೌಟನ್‌ಗೆ ತಿಂಗಳುಗಟ್ಟಲೆ ಆಟಗಾರರು ಸಿಕ್ಕಿದ್ದರು, ಪೋರ್ಚುಗಲ್, ದುಬೈ ಅಂತ ಸುತ್ತಿದ್ದೂ ಆಯಿತು. ಆದರೂ ಆಸ್ಟ್ರೇಲಿಯಾ ನಾಲ್ಕು, ಬಹರೈನ್ ಐದು, ದಕ್ಷಿಣ ಕೊರಿಯಾ ನಾಲ್ಕು ಗೋಲು ಹೊಡೆದವು. ಹೊಡೆತ ತಿಂದರೂ ಆ ತಂಡ ಮೂರು ಗೋಲು ಹಾಕಿತು ಅನ್ನುವುದೂ ನಿಜ.

ಕಾರವಾರದಲ್ಲಿ ಹುಡುಗರಿಗೆ ಫುಟ್ಬಾಲ್ ಆಡಿಸುವ ನನಗೆ ಈ ಲೆಕ್ಕಾಚಾರವೆಲ್ಲ ಯಾಕೆ ಅಂದರೆ, ನನ್ನ ಕಷ್ಟವೂ ಅದೇ. ನನ್ನ ಆಟಗಾರರು ನನ್ನವರಲ್ಲ. ಅರ್ಧ ಜನ ಬೋಟಿನ ಮೇಲೆ ದುಡಿಯುತ್ತಾರೆ, ಕೆಲವರು ಕಾಲೇಜು, ಒಬ್ಬ ನೌಕಾನೆಲೆಯಲ್ಲಿ ಗುತ್ತಿಗೆ ಕೆಲಸ, ಇಬ್ಬರು ವಾರಾಂತ್ಯಕ್ಕೆ ಗೋವಾದ ತಂಡಗಳಿಗೆ ಆಡಿ ಖರ್ಚಿಗೆ ಮಾಡಿಕೊಳ್ಳುತ್ತಾರೆ. ಎಲ್ಲರೂ ಒಟ್ಟಿಗೆ ಸಿಗುವುದು ಯಾಂತ್ರಿಕ ಬೋಟುಗಳಿಗೆ ನಿಷೇಧ ಇರುವ ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಮಾತ್ರ. ಕ್ಲಬ್‌ನವರು ಆಟಗಾರರನ್ನು ಬಿಟ್ಟುಕೊಡಲೇಬೇಕಾದ ದಿನಗಳನ್ನು ರಾಷ್ಟ್ರೀಯ ತಂಡಗಳಿಗೆ ಫಿಫಾ ಗೊತ್ತು ಮಾಡುತ್ತದೆ, ನಮಗೆ ಮೀನುಗಾರಿಕೆ ಇಲಾಖೆ. ಅದೂ ಸುರಿಯುವ ಮಳೆಗಾಲದಲ್ಲಿ. 2025ರಲ್ಲಿ ಘಟ್ಟದ ಮೇಲೆ ಆಗಸ್ಟ್‌ನಲ್ಲಿ ಚೌತಿಗೂ ಮೊದಲು ಒಂದು ಟೂರ್ನಿ ಇದೆ ಅಂತ ತಿಳಿದಾಗ, ಈ ಎರಡು ತಿಂಗಳನ್ನು ಒಂದು ಸಲ ಸರಿಯಾಗಿ ಬಳಸಿ ನೋಡೋಣ ಅಂತ ಹೊರಟೆ.

ಮೊದಲೇ ಒಂದು ಮಾತು ತಲೆಯಲ್ಲಿ ಗಟ್ಟಿ ಮಾಡಿಕೊಂಡಿದ್ದೆ. ಇಪ್ಪತ್ತು ದಾಟಿದ ಹುಡುಗನಿಗೆ ಶಿಬಿರದಲ್ಲಿ ಚೆಂಡು ನಿಲ್ಲಿಸುವುದನ್ನು ಹೊಸದಾಗಿ ಕಲಿಸಲು ಆಗುವುದಿಲ್ಲ. ಅದು ಹತ್ತನೇ ವಯಸ್ಸಿನ ಕೆಲಸ. ಹನ್ನೊಂದು ಜನ ತಮ್ಮತಮ್ಮಲ್ಲಿ ಒಂದಿಷ್ಟು ವಿಷಯ ಒಪ್ಪಿಕೊಳ್ಳುವ ಹಾಗೆ ಮಾಡಬಹುದು, ಅಷ್ಟೇ. ಚೆಂಡು ಅವರ ಕಾಲಲ್ಲಿದ್ದಾಗ ನಾವು ಎಲ್ಲಿ ನಿಲ್ಲಬೇಕು, ಕಾರ್ನರ್ ಬಂದಾಗ ಯಾರು ಯಾರನ್ನು ಹಿಡಿಯಬೇಕು, ಒಬ್ಬ ಕೆಂಪು ಕಾರ್ಡ್ ತಿಂದು ಹೋದರೆ ಯಾರು ಹಿಂದೆ ಬರಬೇಕು. ಉಳಿದದ್ದನ್ನೆಲ್ಲ ಕೈಬಿಟ್ಟೆ. ಗೋಲು ಹೊಡೆಯುವ ಅಭ್ಯಾಸ ಮಾಡಿಸುವುದಿಲ್ಲವೇ ಅಂತ ಮುಂಚೂಣಿಯ ಹುಡುಗರು ಮುನಿಸಿಕೊಂಡರು. ಮುನಿಸು ಇರಲಿ ಅಂತ ಬಿಟ್ಟೆ.

ಜಾಗದ ವಿಷಯಕ್ಕೆ ಬರುತ್ತೇನೆ. ಜೂನ್ ಎರಡನೇ ವಾರಕ್ಕೆ ಮಾಲಾದೇವಿ ಮೈದಾನ ಕೆಸರು, ನೀರು. ನಮಗೆ ಉಳಿಯುವುದು ಕಡಲತೀರ. ತೀರದಲ್ಲಿ ಎರಡು ಬಗೆಯ ಮರಳಿದೆ. ಮೇಲಿನ ಒಣ ಸಡಿಲ ಮರಳು ಹುಡುಗರಿಗೆ ಪ್ರೀತಿ. ಅಲ್ಲಿ ಓಡಿದರೆ ಗಟ್ಟಿ ನೆಲಕ್ಕಿಂತ ಸುಮಾರು ಒಂದೂವರೆ ಪಟ್ಟು ಶಕ್ತಿ ಬೇಕು, ಬೆವರು ಕಿತ್ತು ಬರುತ್ತದೆ, ‘ಏನೋ ಮಾಡಿದೆವು’ ಅನ್ನಿಸುತ್ತದೆ. ಆದರೆ ಮೀನಖಂಡ ಮತ್ತು ಹಿಮ್ಮಡಿ ನರದ ಮೇಲೆ ಬೀಳುವ ಎಳೆತ ಕೆಟ್ಟದ್ದು, ಚುರುಕಾಗಿ ತಿರುಗುವ ಅಭ್ಯಾಸವೂ ಹೋಗುತ್ತದೆ. ಆದ್ದರಿಂದ ಸಡಿಲ ಮರಳು ಅಂದರೆ ಕೊನೆಯ ಹತ್ತು ನಿಮಿಷ ಮಾತ್ರ. ಉಳಿದದ್ದೆಲ್ಲ ನೀರು ಇಳಿದಾಗ ಸಿಗುವ ಒದ್ದೆ ಗಟ್ಟಿ ಮರಳಿನ ಮೇಲೆ.

ಅದಕ್ಕೆ ಸಮುದ್ರದ ಟೈಮ್‌ಟೇಬಲ್ ನೋಡಬೇಕು. ಇಳಿತ ದಿನಕ್ಕೆ ಮುಕ್ಕಾಲು ಗಂಟೆಗೂ ಹೆಚ್ಚು ಮುಂದೆ ಹೋಗುತ್ತದೆ. ಇವತ್ತು ಬೆಳಿಗ್ಗೆ ಆರಕ್ಕೆ ಸಿಕ್ಕ ಮೈದಾನ ವಾರ ಬಿಟ್ಟು ನೋಡಿದರೆ ನಡು ಮಧ್ಯಾಹ್ನಕ್ಕೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ನೀರು ದೂರ ಸರಿದು ಅಗಲ ಜಾಗ ಸಿಗುತ್ತದೆ, ಅಷ್ಟಮಿ ಹೊತ್ತಿಗೆ ಕಿರಿದಾದ ಪಟ್ಟಿ. ಇದನ್ನು ನಾನು ಹುಡುಗರಿಗೆ ಹೇಳಿಕೊಡುವ ಪ್ರಶ್ನೆಯೇ ಇರಲಿಲ್ಲ, ಅವರೇ ಲೆಕ್ಕ ಹಾಕಿ ವಾಟ್ಸಾಪ್‌ನಲ್ಲಿ ಹೊತ್ತು ಹಾಕುತ್ತಿದ್ದರು. ದೊಡ್ಡ ಜಾಗದ ದಿನ ಪೂರ್ತಿ ಹನ್ನೊಂದು ಜನರ ಆಟ, ಸಣ್ಣ ಪಟ್ಟಿಯ ದಿನ ನಾಲ್ಕು-ನಾಲ್ಕು ಜನರ ಆಟ. ಅಂದರೆ ತಿಥಿ ನೋಡಿ ಅಭ್ಯಾಸದ ವೇಳಾಪಟ್ಟಿ ಬರೆದೆ ಅನ್ನಿ.

ಜೋರು ಮಳೆಗೆ ಬಂದರಿನಲ್ಲಿ ಮೀನು ಹರಾಜಿನ ಶೆಡ್ ಇತ್ತು. ನಿಷೇಧದ ಎರಡು ತಿಂಗಳು ಅದು ಖಾಲಿ. ಕೇಳಿ ಪಡೆದೆವು. ಸಿಮೆಂಟ್ ನೆಲದಲ್ಲಿ ಓಡಿಸುವ ಹಾಗಿಲ್ಲ, ಆದರೆ ನಮಗೆ ಬೇಕಾದದ್ದು ನಡೆಯುವುದು. ದೊಡ್ಡ ತಂಡಗಳು ಪಂದ್ಯದ ದಿನ ಹೋಟೆಲಿನ ಹಾಲ್‌ನಲ್ಲೇ ನಡೆದಾಡಿ ತಮ್ಮ ಜಾಗ ನೋಡಿಕೊಳ್ಳುವುದುಂಟು. ನಮಗೆ ಶೆಡ್‌ನ ಕಂಬಗಳೇ ಗುರುತು.

ನಾಲ್ಕು ಜನ ಡಿಫೆಂಡರ್‌ಗಳ ಸೊಂಟಕ್ಕೆ ಬಲೆಯ ಹಗ್ಗ ಕಟ್ಟಿದೆ, ಒಬ್ಬನಿಂದ ಇನ್ನೊಬ್ಬನಿಗೆ ಎಂಟು ಮೀಟರ್. ಅವರ ಮುಂದೆ ಹತ್ತು ಹನ್ನೆರಡು ಮೀಟರ್ ದೂರದಲ್ಲಿ ನಡುಸಾಲಿನ ನಾಲ್ವರಿಗೆ ಇನ್ನೊಂದು ಹಗ್ಗ. ನಾನು ಚೆಂಡು ಹಿಡಿದು ಎಡಕ್ಕೆ ನಡೆದರೆ ಎಂಟೂ ಜನ ಎಡಕ್ಕೆ ಸರಿಯಬೇಕು. ಹಗ್ಗ ಬಿಗಿಯಾದರೆ ಒಬ್ಬ ಮುಂದೆ ಓಡಿದ ಅಂತ, ನೆಲ ಮುಟ್ಟಿದರೆ ಒಬ್ಬ ನಿದ್ದೆ ಮಾಡಿದ ಅಂತ. ಮೊದಮೊದಲು ನಗು, ಹಗ್ಗ ಕಾಲಿಗೆ ಸಿಕ್ಕಿ ಬಿದ್ದದ್ದೂ ಆಯಿತು. ಆಮೇಲೆ ಎಡಬದಿಯ ಹುಡುಗ, ಅವನ ಅಜ್ಜ ತೀರದಿಂದ ಹತ್ತಾರು ಜನ ಸೇರಿ ಎಳೆಯುವ ದೊಡ್ಡ ಬಲೆ ರಂಪಣಿ ಎಳೆಯುತ್ತಿದ್ದವರು, ತಾನೇ ಹೇಳಿದ: “ಸರ್, ಇದು ರಂಪಣಿ ಅಲ್ಲನಾ? ಒಂದು ಬದಿಯವ್ರು ಜಾಸ್ತಿ ಎಳದ್ರೆ ಆಚೆ ಬದಿಯಿಂದ ಮೀನು ಹೋಗ್ತದೆ.” ನಾನು ಬೋರ್ಡ್ ಮೇಲೆ ಬಾಣ ಬರೆದು ಹೇಳುತ್ತಿದ್ದದ್ದೆಲ್ಲ ಆ ಒಂದು ಮಾತಿನಲ್ಲಿ ಮುಗಿಯಿತು. ಅಲ್ಲಿಂದ ಮುಂದೆ ಹಗ್ಗ ಬಿಚ್ಚಿದರೂ ಸಾಲು ಉಳಿಯಿತು.

ಅಭ್ಯಾಸದ ಭಾರ ಅಳೆಯಲು ನನ್ನ ಬಳಿ ಜಿಪಿಎಸ್ ಬನಿಯನ್ ಇಲ್ಲ. ಪುಸ್ತಕ, ಪೆನ್ನು ಇದೆ. ಅಭ್ಯಾಸ ಮುಗಿದು ಅರ್ಧ ಗಂಟೆಗೆ ಪ್ರತಿಯೊಬ್ಬನನ್ನೂ ಕೇಳುವುದು: ಇವತ್ತು ಎಷ್ಟು ಕಷ್ಟ, ಹತ್ತಕ್ಕೆ ಎಷ್ಟು? ಆ ಅಂಕಿಯನ್ನು ಆಡಿದ ನಿಮಿಷದಿಂದ ಗುಣಿಸುವುದು. ದೊಡ್ಡ ತಂಡಗಳಲ್ಲೂ ಬಳಸುವ ಲೆಕ್ಕ ಇದು. ಆದರೆ ನಮ್ಮಲ್ಲಿ ಅಭ್ಯಾಸದಾಚೆಯೂ ಭಾರ ಇದೆ. ನಿಷೇಧದಲ್ಲಿ ಬೋಟಿಗೆ ಬಣ್ಣ ಬಳಿಯುವುದು, ಬಲೆ ರಿಪೇರಿ, ಇಂಜಿನ್ ಇಳಿಸುವುದು ಎಲ್ಲ ನಡೆದೇ ಇರುತ್ತದೆ. ಇಡೀ ದಿನ ಕುಕ್ಕರಗಾಲಲ್ಲಿ ಕೂತು ಬಲೆ ಹೆಣೆದವನ ಸೊಂಟ ಸಂಜೆಗೆ ಕಲ್ಲಾಗಿರುತ್ತದೆ. ಅದನ್ನೂ ಪುಸ್ತಕಕ್ಕೆ ಸೇರಿಸಿದೆ. ಒಬ್ಬ ಮಾತ್ರ ಏನು ಕೇಳಿದರೂ ‘ಮೂರು’ ಅನ್ನುತ್ತಿದ್ದ. ಅವನಿಗೆ ಪ್ರಶ್ನೆ ಬದಲಿಸಿ, ರಾತ್ರಿ ಎಷ್ಟು ಗಂಟೆ ಮಲಗಿದೆ ಅಂತ ಕೇಳತೊಡಗಿದ ಮೇಲೆ ನಿಜ ಹೊರಬಿತ್ತು.

ವಾರ್ಮ್‌ಅಪ್‌ಗೆ ಫಿಫಾದ ‘11+’ ಅನ್ನೇ ಹಿಡಿದೆ. ಇಪ್ಪತ್ತು ನಿಮಿಷದ್ದು, ಸಾಮಾನು ಬೇಕಿಲ್ಲ, ವಾರಕ್ಕೆ ಎರಡು ಸಲವಾದರೂ ಬಿಡದೆ ಮಾಡಿದರೆ ಗಾಯ ಕಡಿಮೆಯಾಗುತ್ತದೆ ಅನ್ನುವುದಕ್ಕೆ ಒಳ್ಳೆಯ ಅಧ್ಯಯನಗಳಿವೆ. ಅದರಲ್ಲಿ ಮಂಡಿಯೂರಿ, ಹಿಂದಿನಿಂದ ಗೆಳೆಯ ಕಾಲು ಹಿಡಿದಾಗ ನಿಧಾನ ಮುಂದಕ್ಕೆ ಬಾಗುವ ಒಂದು ವ್ಯಾಯಾಮವಿದೆ, ತೊಡೆಯ ಹಿಂಭಾಗಕ್ಕೆ. ಎಲ್ಲರೂ ಬೈದರು, ಎಲ್ಲರೂ ಮಾಡಿದರು.

ಊಟದ ವಿಷಯದಲ್ಲಿ ದೊಡ್ಡ ಮಾತು ಆಡಲಾರೆ. ನಿಷೇಧದಲ್ಲಿ ಕೈಯಲ್ಲಿ ದುಡ್ಡು ಕಡಿಮೆ, ಹಸಿ ಮೀನು ದುಬಾರಿ. ಕುಚ್ಚಲಕ್ಕಿ ಗಂಜಿ, ಒಣಮೀನು, ಮೊಟ್ಟೆ. ಜುಲೈ ಕೊನೆಗೆ ಶ್ರಾವಣ ಬಂತು. ಹಲವು ಮನೆಗಳಲ್ಲಿ ಮೀನೂ ಇಲ್ಲ, ಮೊಟ್ಟೆಯೂ ಇಲ್ಲ. ಆಗ ನೆನೆಸಿದ ಕಡಲೆ, ಹೆಸರುಕಾಳು, ಶೇಂಗಾ, ಹಾಲು. ಬೆವರಿನ ಲೆಕ್ಕಕ್ಕೆ ಅಭ್ಯಾಸದ ಮುಂಚೆ, ಆಮೇಲೆ ತೂಕ ನೋಡಿದೆ. ಮಳೆಗಾಲದ ತಂಪಿನಲ್ಲಿ ಬೆವರುವುದಿಲ್ಲ ಅಂದುಕೊಂಡವರು ಒಂದು ಕಿಲೋ ಮೇಲೆ ಇಳಿದಿದ್ದರು. ಗಾಳಿಯೇ ಒದ್ದೆ ಇರುವಾಗ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. ಉಪ್ಪು, ಸಕ್ಕರೆ ಹಾಕಿದ ಮುರುಗಲು ನೀರು ದೊಡ್ಡ ಕ್ಯಾನ್‌ನಲ್ಲಿ ತರಿಸಿದೆ.

ಎದುರಾಳಿ ಆಯ್ಕೆಯಲ್ಲಿ ಭಾರತದ ಮಹಿಳಾ ತಂಡ ಆ ವರ್ಷ ಮಾಡಿದ್ದು ಕಣ್ಣ ಮುಂದಿತ್ತು. ಬೆಂಗಳೂರಿನ ಪಡುಕೋಣೆ-ದ್ರಾವಿಡ್ ಕೇಂದ್ರದಲ್ಲಿ ದೀರ್ಘ ಶಿಬಿರ, ನಡುವೆ ತಮಗಿಂತ ಮೇಲಿನ ಶ್ರೇಯಾಂಕದ ಉಜ್ಬೇಕಿಸ್ತಾನದ ಜೊತೆ ಎರಡು ಸೌಹಾರ್ದ ಪಂದ್ಯ. ಎರಡರಲ್ಲೂ 0-1 ಸೋಲು. ಆಮೇಲೆ ಜುಲೈ 5ಕ್ಕೆ ಚಿಯಾಂಗ್ ಮಾಯಿಯಲ್ಲಿ ಥಾಯ್ಲೆಂಡ್ ತಂಡವನ್ನು ಅವರ ನೆಲದಲ್ಲೇ 2-1ರಿಂದ ಸೋಲಿಸಿದರು. ಎರಡೂ ಗೋಲು ಸಂಗೀತಾ ಬಾಸ್ಫೋರ್ ಅವರದ್ದು. ಅರ್ಹತಾ ಸುತ್ತು ಆಡಿ ಏಷ್ಯನ್ ಕಪ್‌ಗೆ ಹೋದದ್ದು ಅದೇ ಮೊದಲು. ಶ್ರೇಯಾಂಕ ನೋಡಿ ಸುಲಭದ ತಂಡ ಹುಡುಕುವವರಿಗೆ ಇದನ್ನು ತೋರಿಸಬೇಕು. ನಾವೂ ಗಡಿ ದಾಟಿ ಗೋವಾದ ಕಾಣಕೋಣದ ಕಡೆಯ ಒಂದು ತಂಡವನ್ನು ಕೇಳಿಕೊಂಡೆವು. ಚೆನ್ನಾಗಿ ಬಾರಿಸಿದರು. ಮೂರು ಗೋಲಿನಲ್ಲಿ ಎರಡು ಕಾರ್ನರ್‌ನಿಂದ. ಮರುದಿನದಿಂದ ಶೆಡ್‌ನಲ್ಲಿ ಬೇರೆ ಏನೂ ಇಲ್ಲ: ಗೋಲಿನ ಹತ್ತಿರದ ಕಂಬಕ್ಕೆ ಇಬ್ಬರು, ಉಳಿದವರಿಗೆ ಒಬ್ಬೊಬ್ಬ ಆಳು, ಯಾರು ಯಾರಿಗೆ ಅಂತ ಹೆಸರು ಹಿಡಿದು.

ಹತ್ತು ಜನರ ಆಟ ಆಡಿಸುವಾಗ ಜರ್ನೈಲ್ ಸಿಂಗ್ ಕಥೆ ಹೇಳಿದೆ. 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಡಿಫೆಂಡರ್ ಜರ್ನೈಲ್ ತಲೆಗೆ ಗಾಯವಾಗಿ ಹೊಲಿಗೆ ಬಿದ್ದಾಗ, ಕೋಚ್ ರಹೀಮ್ ಸಾಹೇಬರು ಅವರನ್ನು ಮುಂಚೂಣಿಗೆ ಕಳಿಸಿದರು. ಸೆಮಿಫೈನಲ್‌ನಲ್ಲೂ ಗೋಲು, ಕೊರಿಯಾ ಎದುರಿನ ಫೈನಲ್‌ನಲ್ಲೂ ಗೋಲು, ಚಿನ್ನ. ಪ್ರತಿಯೊಬ್ಬನಿಗೂ ಎರಡನೆಯ ಜಾಗ ಒಂದು ಗೊತ್ತಿರಲಿ ಅಂತ ಹೇಳಲು ಇದಕ್ಕಿಂತ ಒಳ್ಳೆಯ ಕಥೆ ನಮ್ಮ ಫುಟ್ಬಾಲ್‌ನಲ್ಲಿಲ್ಲ.

ಆಗಸ್ಟ್ 1ಕ್ಕೆ ಬೋಟುಗಳು ಇಳಿದವು. ನಿಜವಾದ ಪರೀಕ್ಷೆ ಶುರುವಾದದ್ದು ಆಗಲೇ. ಒಬ್ಬ ಬೋಟ್ ಯಜಮಾನರ ಮನೆಗೆ ಹೋದೆ.

“ಮಾಸ್ತರ್ರೇ, ನಾಲ್ಕು ಕಾಸು ಕಾಣೋದು ಈ ಮೊದಲ ವಾರಗಳಲ್ಲೇ. ಈಗ ಹುಡುಗನ್ನ ಬಿಡು ಅಂದ್ರೆ ಹೆಂಗೆ?”

“ನಾಲ್ಕೇ ದಿನ, ಯಜಮಾನ್ರೇ.”

“ತಾಂಡೇಲ ಒಪ್ಪಿದ್ರೆ ನಂದೇನಿಲ್ಲ.”

ತಾಂಡೇಲ, ಅಂದರೆ ಬೋಟ್ ನಡೆಸುವವ, ಒಬ್ಬನನ್ನು ಬಿಟ್ಟ, ಇನ್ನೊಬ್ಬನನ್ನು ಬಿಡಲಿಲ್ಲ. ಅದು ನನ್ನ ಮೊದಲ ಗೋಲ್‌ಕೀಪರ್. ತಾಂಡೇಲನ ಮೇಲೆ ನನಗೆ ಸಿಟ್ಟಿಲ್ಲ. ಅದೇ ತಿಂಗಳು ಭಾರತ ತಂಡದ ಕೋಚ್ ಆಗಿದ್ದ ಖಾಲಿದ್ ಜಮೀಲ್ ತಜಿಕಿಸ್ತಾನದ ಟೂರ್ನಿಗೆ ತಂಡ ಕಟ್ಟುವಾಗ, ಇದು ಫಿಫಾ ಗೊತ್ತು ಮಾಡಿದ ದಿನಗಳಲ್ಲ ಅಂತ ಒಂದು ದೊಡ್ಡ ಕ್ಲಬ್ ತನ್ನ ಆಟಗಾರರನ್ನು ಕಳಿಸಲಿಲ್ಲ. ಆಗಸ್ಟ್ ಮಟ್ಟಿಗೆ ನಿಯಮದ ಪ್ರಕಾರ ಕ್ಲಬ್ ಹೇಳಿದ್ದು ಸರಿ. ಇದ್ದವರನ್ನೇ ಕರೆದೊಯ್ದ ಜಮೀಲ್ ಮೂರನೇ ಸ್ಥಾನದೊಂದಿಗೆ ಬಂದರು, ಒಮಾನ್ ತಂಡವನ್ನು ಪೆನಾಲ್ಟಿಯಲ್ಲಿ ಸೋಲಿಸಿ.

ಕೊನೆಯ ವಾರ ಅಭ್ಯಾಸದ ಹೊತ್ತನ್ನು ಅರ್ಧಕ್ಕೆ ಇಳಿಸಿದೆ, ವೇಗ ಇಳಿಸಲಿಲ್ಲ. “ಸರ್, ಮೈ ಜಡ ಆಗ್ತದೆ” ಅಂತ ಗಲಾಟೆ. ಕದ್ದು ತೀರಕ್ಕೆ ಹೋಗಿ ಸಡಿಲ ಮರಳಿನಲ್ಲಿ ಓಡಿದ ಇಬ್ಬರನ್ನು ಅವರ ತಾಯಂದಿರೇ ಹಿಡಿದುಕೊಟ್ಟರು.

ಟೂರ್ನಿಯ ಮೊದಲ ಪಂದ್ಯ 0-0. ಎರಡನೆಯದು 1-0, ಕಾರ್ನರ್‌ನಿಂದ, ನಾವು ಕಾಣಕೋಣದವರಿಂದ ತಿಂದ ಗೋಲಿನದ್ದೇ ನಕಲು. ಮೂರನೆಯದರಲ್ಲಿ ಸೆಮಿಫೈನಲ್‌ಗೆ ಡ್ರಾ ಸಾಕಿತ್ತು, ಮಧ್ಯಂತರಕ್ಕೆ ಸ್ವಲ್ಪ ಮುಂಚೆ ಒಂದು, ಕೊನೆಗೆ ಇನ್ನೊಂದು ಗೋಲು ಬಿಟ್ಟು ವಾಪಸ್ ಬಸ್ ಹತ್ತಿದೆವು. ಎರಡನೇ ಕೀಪರ್ ಚೆನ್ನಾಗಿಯೇ ಆಡಿದ.

ಮಧ್ಯಂತರಕ್ಕೆ ಮುಂಚಿನ ಆ ಗೋಲು ತಲೆಯಲ್ಲಿ ಉಳಿಯಿತು. ಅಕ್ಟೋಬರ್ 14ಕ್ಕೆ ಕೆಲವು ಹುಡುಗರ ಜೊತೆ ರೈಲು ಹತ್ತಿ ಮಡಗಾಂವ್‌ನ ಫತೋರ್ಡಾ ಸ್ಟೇಡಿಯಂಗೆ ಹೋಗಿದ್ದೆ, ಸಿಂಗಾಪುರದ ಎದುರಿನ ಏಷ್ಯನ್ ಕಪ್ ಅರ್ಹತಾ ಪಂದ್ಯ. 14ನೇ ನಿಮಿಷಕ್ಕೆ ಭಾರತದ ಛಾಂಗ್ತೆ ಗೋಲು ಹೊಡೆದಾಗ ಕುಣಿದದ್ದು ಹೌದು. 44ನೇ ನಿಮಿಷಕ್ಕೆ ಸಮವಾಯಿತು, 58ಕ್ಕೆ ಹಿಂದೆ ಬಿದ್ದೆವು, 1-2. ಅಲ್ಲಿಗೆ 2027ರ ಏಷ್ಯನ್ ಕಪ್ ಆಸೆ ಮುಗಿಯಿತು. ನನ್ನ ಎಡಬದಿಯ ಹುಡುಗ ಪಕ್ಕದಲ್ಲೇ ಕೂತಿದ್ದ. “ಅದೇ ಹೊತ್ತಿಗೆ, ಸರ್” ಅಂದ.

ಈಗ ಅಭ್ಯಾಸದ ಆಟವನ್ನು ನಲವತ್ತನೇ ನಿಮಿಷಕ್ಕೆ ಒಮ್ಮೆ ನಿಲ್ಲಿಸುತ್ತೇನೆ. ಉಳಿದ ಐದು ನಿಮಿಷಕ್ಕೆ ಬೇರೆಯೇ ನಿಯಮ: ಬದಿಯ ಡಿಫೆಂಡರ್‌ಗಳು ಮುಂದೆ ಹೋಗುವ ಹಾಗಿಲ್ಲ, ಥ್ರೋ ಸಿಕ್ಕರೆ ಅವಸರವಿಲ್ಲ, ಕೀಪರ್ ಜೋರಾಗಿ ನಿಮಿಷ ಕೂಗಬೇಕು. ಬರುವ ಜೂನ್‌ಗೆ ಇದನ್ನು ಮೊದಲ ವಾರದಿಂದಲೇ ಸೇರಿಸುತ್ತೇನೆ. ತಾಂಡೇಲರನ್ನು ಮೇ ತಿಂಗಳಲ್ಲೇ, ಬೋಟ್ ಮೇಲೆತ್ತುವ ಮುಂಚೆ, ಮಾತಾಡಿಸಬೇಕು.