ಕಂಟ್ರೋಲ್‌ಗಳನ್ನು ಎರಡನೇ ಸಲ ಆರಿಸಿದ್ದು

ಒಂದು ಕಾಯಿಲೆ ಇರುವವರ (ಕೇಸ್) ಮತ್ತು ಇಲ್ಲದವರ (ಕಂಟ್ರೋಲ್) ಡಿಎನ್‌ಎ ಹೋಲಿಸಿ, ಆ ಕಾಯಿಲೆಗೆ ನಂಟಿರುವ ವೇರಿಯಂಟ್‌ಗಳನ್ನು, ಅಂದರೆ ಜನರಿಂದ ಜನರಿಗೆ ಬದಲಾಗುವ ಡಿಎನ್‌ಎಯ ಸಣ್ಣ ವ್ಯತ್ಯಾಸಗಳನ್ನು, ಹುಡುಕುತ್ತಿದ್ದೆವು. ಮೊದಲ ಸಲ ರಿಸಲ್ಟ್ ನೋಡಿದಾಗ ಕುಣಿಯುವಷ್ಟು ಖುಷಿಯಾಗಿತ್ತು. ಹನ್ನೆರಡು ವೇರಿಯಂಟ್‌ಗಳ ಪಿ ಬೆಲೆ (ನಿಜವಾದ ನಂಟಿಲ್ಲದಿದ್ದರೂ ಇಷ್ಟು ವ್ಯತ್ಯಾಸ ಆಕಸ್ಮಿಕವಾಗಿ ಕಾಣುವ ಸಾಧ್ಯತೆ) ಇಂಥ ಅಧ್ಯಯನಗಳ ಮಿತಿಯಾದ 5×10⁻⁸ಕ್ಕಿಂತ ಕಡಿಮೆ! ಆಮೇಲೆ ಸಿಕ್ಕ ಪಿ ಬೆಲೆಗಳನ್ನು ಆಕಸ್ಮಿಕವಾಗಿ ಬರಬೇಕಾದ ಬೆಲೆಗಳ ಎದುರು ಇಟ್ಟು ನೋಡುವ ಕ್ಯೂಕ್ಯೂ ಪ್ಲಾಟ್ ತೆಗೆದೆ. ಚುಕ್ಕೆಗಳು ತುದಿಯಲ್ಲಷ್ಟೇ ಗೆರೆ ಬಿಟ್ಟು ಮೇಲೇಳಬೇಕಿತ್ತು. ಇಲ್ಲಿ ಹೆಚ್ಚುಕಮ್ಮಿ ಶುರುವಿನಿಂದಲೇ ಎದ್ದಿದ್ದವು. ರಿಸಲ್ಟ್ ಒಟ್ಟಾರೆ ಎಷ್ಟು ಉಬ್ಬಿದೆ ಅಂತ ಅಳೆಯುವ ಲ್ಯಾಂಬ್ಡಾ 1ರ ಆಸುಪಾಸಿನಲ್ಲಿರಬೇಕು, ನಮ್ಮದು 1.4.

ತಪ್ಪು ನನ್ನದೇ. ಕೇಸ್‌ಗಳನ್ನು ನಾವೇ ಸೇರಿಸಿದ್ದೆವು. ಕಂಟ್ರೋಲ್‌ಗಳನ್ನು ಮಾತ್ರ ಇನ್ನೊಂದು ಅಧ್ಯಯನದಿಂದ ತಂದಿದ್ದೆ. ಡೇಟಾ ರೆಡಿ ಇತ್ತು, ಖರ್ಚೂ ಉಳಿಯಿತು. ವಯಸ್ಸು, ಗಂಡು-ಹೆಣ್ಣಿನ ಲೆಕ್ಕ ಹೊಂದಿತ್ತು, ಸಾಕು ಅಂದುಕೊಂಡೆ. ಡಿಎನ್‌ಎ ಹೋಲಿಕೆ ನೋಡಿ ಜನರನ್ನು ನಕ್ಷೆಯಂತೆ ಹರಡಿ ತೋರಿಸುವ ಪಿಸಿಎ ಮಾಡಿದರೆ ಕೇಸ್‌ಗಳು ಒಂದು ಮೂಲೆಯಲ್ಲಿ, ಕಂಟ್ರೋಲ್‌ಗಳು ಇನ್ನೊಂದು ಮೂಲೆಯಲ್ಲಿ. ಪೂರ್ವಜರೇ ಬೇರೆ. ಅಂದರೆ ಕಂಡ ವ್ಯತ್ಯಾಸ ಕಾಯಿಲೆಯದ್ದಲ್ಲ, ಮೂಲದ್ದಿರಬಹುದು.

ಈ ಬಲೆ ಹಳೆಯದು. ಯುರೋಪ್ ಮೂಲದ ಅಮೆರಿಕನ್ನರಲ್ಲಿ ಹಾಲಿನ ಸಕ್ಕರೆ ಅರಗಿಸುವ ಲ್ಯಾಕ್ಟೇಸ್ ಜೀನ್‌ಗೂ ಎತ್ತರಕ್ಕೂ ಗಟ್ಟಿ ನಂಟು ಇದ್ದಂತೆ ಕಂಡಿದ್ದನ್ನು 2005ರ ಅಧ್ಯಯನವೊಂದು ತೋರಿಸಿತ್ತು. ಅಜ್ಜ-ಅಜ್ಜಿ ಯುರೋಪಿನ ಯಾವ ಭಾಗದವರು ಅಂತ ನೋಡಿ ಜೋಡಿ ಮಾಡಿದಾಗ ಆ ನಂಟು ಬಹುಪಾಲು ಕರಗಿತು.

ಪಿಸಿಗಳನ್ನು (ಪಿಸಿಎ ಕೊಡುವ ಅಳತೆಗಳನ್ನು) ಲೆಕ್ಕದ ಮಾಡೆಲ್‌ಗೆ ಸೇರಿಸಿ ಮೂಲದ ವ್ಯತ್ಯಾಸ ಕಳೆದರಾಯ್ತು ಅಲ್ವಾ? ಸ್ವಲ್ಪ ವ್ಯತ್ಯಾಸವಿದ್ದರೆ ಸರಿ. ಎರಡು ಗುಂಪು ಪೂರ್ತಿ ದೂರ ನಿಂತಾಗ ಆ ತಿದ್ದುಪಡಿ ನಿಜವಾದ ಸಿಗ್ನಲನ್ನೂ ನುಂಗಿಬಿಡುತ್ತದೆ. ಸಾಲದ್ದಕ್ಕೆ ವೇರಿಯಂಟ್ ಓದುವ ಚಿಪ್ ಕೂಡ ಬೇರೆಯಾಗಿತ್ತು. ಒಂದು ವೇರಿಯಂಟಿನ ಕ್ಲಸ್ಟರ್ ಪ್ಲಾಟ್ ಬಿಡಿಸಿ ನೋಡಿದೆ. ಕೇಸ್‌ಗಳಲ್ಲಿ ಆ ವೇರಿಯಂಟಿನ ಪ್ರತಿ ಇಲ್ಲದವರು, ಒಂದು ಇರುವವರು, ಎರಡು ಇರುವವರು ಅಂತ ಮೂರು ಗೊಂಚಲು ಸ್ಪಷ್ಟವಾಗಿದ್ದವು. ಕಂಟ್ರೋಲ್‌ಗಳಲ್ಲಿ ನಡುವಿನದು ಪಕ್ಕದ್ದಕ್ಕೆ ಅಂಟಿಕೊಂಡು, ಸಾಫ್ಟ್‌ವೇರ್ ಎರಡನ್ನೂ ಒಂದೇ ಅಂತ ಓದಿತ್ತು.

ಎರಡನೇ ಸಲ ಕೇಸ್‌ಗಳು ಬಂದ ಕ್ಲಿನಿಕ್‌ಗಳಿಂದಲೇ ಕಂಟ್ರೋಲ್‌ಗಳನ್ನೂ ಸೇರಿಸಿದೆ. ಈ ಕಾಯಿಲೆಗೆ ಸಂಬಂಧವೇ ಇಲ್ಲದ ತೊಂದರೆಗೆ ಬಂದವರನ್ನಷ್ಟೇ ತೆಗೆದುಕೊಂಡೆ. ನಾಲ್ಕೂ ಅಜ್ಜ-ಅಜ್ಜಿಯರ ಮೂಲ ಕೇಳಿ ಬರೆದುಕೊಂಡೆ. ತಡವಾಗಿ ಬರುವ ಕಾಯಿಲೆಯಾದ್ದರಿಂದ ವಯಸ್ಸು ಸ್ವಲ್ಪ ಜಾಸ್ತಿಯವರೇ ಬೇಕಿತ್ತು. ಇವತ್ತಿನ ಕಂಟ್ರೋಲ್ ಐದು ವರ್ಷದಲ್ಲಿ ಕೇಸ್ ಆದರೆ ಏನು ಬಂತು? ಒಂದು ಕೇಸ್‌ಗೆ ನಾಲ್ಕು ಕಂಟ್ರೋಲ್ ದಾಟಿದ ಮೇಲೆ ಲಾಭ ತೀರಾ ಕಡಿಮೆ, ಹಾಗಾಗಿ ಸಂಖ್ಯೆಯ ಹಿಂದೆ ಓಡಲಿಲ್ಲ. ಮಾದರಿಗಳನ್ನಿಡುವ ಪ್ರತಿ ಪ್ಲೇಟಿನಲ್ಲೂ ಕೇಸ್, ಕಂಟ್ರೋಲ್ ಎರಡನ್ನೂ ಅಕ್ಕಪಕ್ಕ ಇಟ್ಟೆವು. ಇದಕ್ಕೆ ಲ್ಯಾಬಿನವರು ಗೊಣಗಿದರು.

ಹೊರಗಿನ ಕಂಟ್ರೋಲ್ ಮುಟ್ಟಲೇಬಾರದು ಅಂತಲ್ಲ. 2007ರಲ್ಲಿ ವೆಲ್‌ಕಮ್ ಟ್ರಸ್ಟ್ ಕೇಸ್ ಕಂಟ್ರೋಲ್ ಕನ್ಸಾರ್ಷಿಯಂ ಏಳು ಕಾಯಿಲೆಗಳಿಗೂ ಅದೇ ಸುಮಾರು 3000 ಕಂಟ್ರೋಲ್‌ಗಳನ್ನೇ ಬಳಸಿತು. ಅರ್ಧ ಬ್ರಿಟನ್ನಿನಲ್ಲಿ 1958ರಲ್ಲಿ ಹುಟ್ಟಿದವರು, ಅರ್ಧ ರಕ್ತದಾನಿಗಳು. ಆ ಎರಡು ಗುಂಪುಗಳನ್ನು ಒಂದಕ್ಕೊಂದು ಹೋಲಿಸಿಯೂ ನೋಡಿದ್ದರು. ನಾನೂ ಈಗ ಕಂಟ್ರೋಲ್ ವಿರುದ್ಧ ಕಂಟ್ರೋಲ್ ಓಡಿಸುತ್ತೇನೆ. ಅಲ್ಲಿ ಏನಾದರೂ ‘ಸಿಕ್ಕರೆ’ ಅದು ಕಾಯಿಲೆಯದ್ದಾಗಿರಲು ಸಾಧ್ಯವಿಲ್ಲ.

ಈ ಸಲ ಲ್ಯಾಂಬ್ಡಾ 1.02. ಹನ್ನೆರಡರಲ್ಲಿ ಉಳಿದದ್ದು ಎರಡು. ಅದರಲ್ಲೊಂದನ್ನು ಬೇರೆಯವರು ಆಗಲೇ ಕಂಡುಹಿಡಿದಿದ್ದರು.