ಗುಂಗುರು ಕೂದಲಿಗೆ ಮೊದಲು ನೀರು, ಆಮೇಲೆ ಎಣ್ಣೆ

ಗುಂಗುರು ಕೂದಲಿನವರ ದೂರು ಹೆಚ್ಚುಕಡಿಮೆ ಒಂದೇ. ಎಷ್ಟು ಎಣ್ಣೆ ಹಚ್ಚಿದರೂ ಕೂದಲು ಒರಟೊರಟು. ಬಾಚಿದರೆ ತುಂಡಾಗುತ್ತದೆ, ತುದಿ ಸೀಳುತ್ತದೆ. ಎಣ್ಣೆ ಸಾಲಲಿಲ್ಲವೇನೋ ಅಂತ ಇನ್ನಷ್ಟು ಹಚ್ಚುತ್ತಾರೆ. ಜಿಡ್ಡು ಜಾಸ್ತಿಯಾಗುತ್ತದೆ, ಒರಟುತನ ಮಾತ್ರ ಹಾಗೇ ಇರುತ್ತದೆ. ಕೂದಲಿಗೆ ತೇವ ಕೊಡುವುದು ನೀರು. ಎಣ್ಣೆಯಲ್ಲಿ ನೀರಿನ ಅಂಶವೇ ಇಲ್ಲ. ಒಳಗಿರುವ ತೇವ ಬೇಗ ಆರಿಹೋಗದಂತೆ ತಡೆಯುವುದಷ್ಟೇ ಅದರ ಕೆಲಸ. ಒಣಗಿದ ಕೂದಲಿಗೆ ಸುಮ್ನೆ ಎಣ್ಣೆ ಮೆತ್ತಿದರೆ ಹಿಡಿದಿಡುವುದಕ್ಕೆ ಒಳಗೆ ಏನಾದರೂ ಇರಬೇಕು ಅಲ್ವಾ?

ನೇರ ಕೂದಲಿಗೆ ಈ ಕಾಟ ಕಡಿಮೆ. ನೆತ್ತಿಯಲ್ಲಿ ಹುಟ್ಟುವ ಜಿಡ್ಡು ಅಲ್ಲಿ ಸಲೀಸಾಗಿ ತುದಿಯ ಕಡೆಗೆ ಇಳಿಯುತ್ತದೆ. ಸುರುಳಿ ಕೂದಲಲ್ಲಿ ಅದು ಬುಡದ ಹತ್ತಿರವೇ ಉಳಿದುಬಿಡುತ್ತದೆ. ಎಳೆ ತಿರುಗುವ ಜಾಗಗಳು ಬಲಹೀನವೂ ಹೌದು. ಹಾಗಾಗಿ ಕೆಳಗಿನ ಆರೈಕೆಯೆಲ್ಲ ಮುಖ್ಯವಾಗಿ ಕೂದಲಿನ ನಡುಭಾಗಕ್ಕೆ ಮತ್ತು ತುದಿಗೆ. ನೆತ್ತಿಗೆ ಇಷ್ಟೆಲ್ಲ ಬೇಕಿಲ್ಲ.

ಹಂತ 1: ತೊಳೆಯುವ ಮೊದಲು

ಎಣ್ಣೆ ತೇವ ಕೊಡುವುದಿಲ್ಲ ಅಂದೆ. ಆದರೆ ಕೊಬ್ಬರಿ ಎಣ್ಣೆಗೆ ಬೇರೊಂದು ಗುಣವಿದೆ. ಅದರಲ್ಲಿ ಹೇರಳವಾಗಿರುವ ಲಾರಿಕ್ ಆಮ್ಲದ ಅಣುಗಳು ಚಿಕ್ಕವು, ನೇರವಾದವು. ಹಾಗಾಗಿ ಅದು ಕೂದಲಿನ ಎಳೆಯ ಒಳಕ್ಕೆ ಇಳಿಯುತ್ತದೆ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಮಿನರಲ್ ಆಯಿಲ್ ಮೂರನ್ನೂ ಹೋಲಿಸಿ ನೋಡಿದರು. ಕೂದಲು ಪ್ರೋಟೀನ್ ಕಳೆದುಕೊಳ್ಳುವುದನ್ನು ಗಣನೀಯವಾಗಿ ತಗ್ಗಿಸಿದ್ದು ಕೊಬ್ಬರಿ ಎಣ್ಣೆ ಒಂದೇ. ನೀರು ಕುಡಿದು ಎಳೆ ವಿಪರೀತ ಉಬ್ಬುವುದನ್ನೂ ಅದು ತಡೆಯುತ್ತದೆ. ತಲೆಸ್ನಾನಕ್ಕೆ ಒಂದೆರಡು ಗಂಟೆ ಮುಂಚೆ, ಅಂಗೈಯಲ್ಲಿ ಉಜ್ಜಿಕೊಂಡು ತೆಳುವಾಗಿ ಸವರಿದರೆ ಸಾಕು, ತೊಟ್ಟಿಕ್ಕುವಷ್ಟು ಬೇಡ. ಕೆಲವರ ಕೂದಲು ಕೊಬ್ಬರಿ ಎಣ್ಣೆಗೆ ಬಿರುಸಾಗುತ್ತದೆ. ಅಂಥವರು ಈ ಹಂತವನ್ನು ಬಿಟ್ಟುಬಿಡಬಹುದು.

ಹಂತ 2: ಅಗಸೆ ಬೀಜದ ಲೋಳೆ

ಮನೆಯಲ್ಲಿ ಮಾಡುವ ಆರೈಕೆಗಳಲ್ಲಿ ಒಂದನ್ನೇ ಆರಿಸಿ ಅಂದರೆ ನಾನು ಇದನ್ನೇ ಹೇಳುತ್ತೇನೆ. ಸುಲಭ, ಕೂದಲಿಗೆ ಒಗ್ಗದಿರುವುದೂ ಅಪರೂಪ. ಇದು ಎಳೆಯ ಸುತ್ತ ತೆಳುವಾದ ಪೊರೆ ಕಟ್ಟಿ ತೇವ ಹಿಡಿದಿಡುತ್ತದೆ, ಸುರುಳಿಯನ್ನು ಬಿಚ್ಚಿಕೊಳ್ಳಲು ಬಿಡುವುದಿಲ್ಲ.

ಕಾಲು ಕಪ್ ಅಗಸೆ ಬೀಜಕ್ಕೆ 2 ಕಪ್ ನೀರು. ಪುಡಿ ಬೇಡ, ಇಡೀ ಬೀಜವೇ ಆಗಬೇಕು. ಮಧ್ಯಮ ಉರಿಯಲ್ಲಿಟ್ಟು ಕೈಯಾಡಿಸುತ್ತಾ ಇರಿ, ಇಲ್ಲದಿದ್ದರೆ ಬೀಜ ತಳ ಹಿಡಿಯುತ್ತದೆ. ಕುದಿ ಬಂದ ಮೇಲೆ ಅಂಚಿನಲ್ಲಿ ಬಿಳಿ ನೊರೆ ಕಾಣುತ್ತದೆ. ಇನ್ನು ಒಲೆ ಬಿಟ್ಟು ಹೋಗಬೇಡಿ. ಚಮಚ ಮೇಲೆತ್ತಿ ನೋಡಿ. ಮೊದಲು ನೀರು ಹನಿಹನಿಯಾಗಿ ಬೀಳುತ್ತದೆ. ಸ್ವಲ್ಪ ಹೊತ್ತಿಗೆ ಆ ಹನಿಗೆ ಬಾಲ ಬರುತ್ತದೆ. ಆಮೇಲೆ ಹಸಿ ಮೊಟ್ಟೆಯ ಬಿಳಿಯ ಹಾಗೆ ಉದ್ದ ಎಳೆಯಾಗಿ ಇಳಿಯುತ್ತದೆ. ತಕ್ಷಣ ಒಲೆ ಆರಿಸಿ. ಎಲ್ಲ ಸೇರಿ 7ರಿಂದ 10 ನಿಮಿಷದ ಕೆಲಸ. ಇನ್ನೂ ತೆಳ್ಳಗಿದೆ ಅನಿಸಿದರೂ ಪರವಾಗಿಲ್ಲ, ಆರಿದಾಗ ಗಟ್ಟಿಯಾಗುತ್ತದೆ.

ಬಿಸಿಯಿರುವಾಗಲೇ ಸೋಸಬೇಕು. ತಣ್ಣಗಾದರೆ ಲೋಳೆ ಬೀಜಕ್ಕೆ ಅಂಟಿಕೊಂಡು ಬರುವುದೇ ಇಲ್ಲ. ತೆಳುವಾದ ನೈಲಾನ್ ಬಟ್ಟೆ ಅಥವಾ ಜಾಲರಿ ಒಳ್ಳೆಯದು. ಹಿಂಡುವ ಮುಂಚೆ ಕೈ ಸುಡದಷ್ಟು ಆರಲು ಬಿಡಿ. ಪೂರ್ತಿ ಆರಿದ ಮೇಲೆ ಒಂದು ಚಿಕ್ಕ ಚಮಚ ಬಾದಾಮಿ ಎಣ್ಣೆಯನ್ನೋ ಜೊಜೊಬಾ ಎಣ್ಣೆಯನ್ನೋ ಬೆರೆಸಬಹುದು.

ಇದರಲ್ಲಿ ಕೆಡದಂತೆ ಇಡುವ ಪದಾರ್ಥ ಯಾವುದೂ ಇಲ್ಲ. ಫ್ರಿಜ್‌ನಲ್ಲಿ ಒಂದು ವಾರ ಇಡಬಹುದು. ವಾಸನೆ ಬದಲಾದರೆ, ಬಣ್ಣ ತಿರುಗಿದರೆ ಚೆಲ್ಲಿ. ಜಾಸ್ತಿ ಆಗಿದ್ದರೆ ಐಸ್ ಟ್ರೇಯಲ್ಲಿ ಹೆಪ್ಪುಗಟ್ಟಿಸಿ, ಬೇಕಾದಾಗ ಒಂದೆರಡು ತುಂಡು ಕರಗಿಸಿಕೊಳ್ಳಿ.

ಹಂತ 3: ಹಚ್ಚುವುದು

ತಲೆಸ್ನಾನ ಮಾಡಿ, ಕಂಡೀಷನರ್ ಇನ್ನೂ ಕೂದಲಲ್ಲಿ ಇರುವಾಗಲೇ ಸಿಕ್ಕು ಬಿಡಿಸಿ. ಬೆರಳಿನಿಂದ ಶುರು ಮಾಡಿ, ಆಮೇಲೆ ಅಗಲ ಹಲ್ಲಿನ ಬಾಚಣಿಗೆ. ತುದಿಯಿಂದ ಮೇಲಕ್ಕೆ ಹೋಗಬೇಕು. ಒದ್ದೆ ಕೂದಲು ಒಣ ಕೂದಲಿಗಿಂತ ಬಲಹೀನ, ಬುಡದಿಂದ ಎಳೆದರೆ ಗಂಟೆಲ್ಲ ಕೆಳಗೆ ಕೂಡಿಕೊಂಡು ಎಳೆ ತುಂಡಾಗುತ್ತದೆ.

ತೊಳೆದ ಮೇಲೆ ಟವೆಲ್‌ನಿಂದ ತಿಕ್ಕಬೇಡಿ. ಹಳೆಯ ಹತ್ತಿ ಟೀಶರ್ಟ್‌ನಲ್ಲಿ ಮೆತ್ತಗೆ ಒತ್ತಿ ನೀರು ತೆಗೆಯಿರಿ. ಕೂದಲು ಒದ್ದೆಯಾಗಿಯೇ ಇರಲಿ. ನಾಲ್ಕು ಭಾಗ ಮಾಡಿಕೊಂಡು ಒಂದೊಂದಕ್ಕೂ ಲೋಳೆ ಸವರಿ, ಕೊನೆಗೆ ನಾಲ್ಕೈದು ಹನಿ ಎಣ್ಣೆಯನ್ನು ತುದಿಗೆ ಹಚ್ಚಿ. ಹರಳೆಣ್ಣೆ ಮಂದ, ಅಂಟು ಜಾಸ್ತಿ. ಅದನ್ನು ತೆಳು ಎಣ್ಣೆಯ ಜೊತೆ ಬೆರೆಸಿಯೇ ಬಳಸಿ. ಆಮೇಲೆ ಕೂದಲು ಪೂರ್ತಿ ಒಣಗುವವರೆಗೆ ಮುಟ್ಟಬೇಡಿ. ಒಣಗಿದಾಗ ಗರಿಗರಿ ಅನಿಸಿದರೆ ಅಂಗೈಯಿಂದ ಹಗುರವಾಗಿ ಹಿಸುಕಿ, ಪೊರೆ ಬಿಟ್ಟುಕೊಂಡು ಕೂದಲು ಮೆತ್ತಗಾಗುತ್ತದೆ.

ವಾರದ ನಡುವೆ

ತಲೆಸ್ನಾನ ಇಲ್ಲದ ದಿನಗಳಿಗೆ ಒಂದು ಸ್ಪ್ರೇ ಸಾಕು. ಒಂದು ಕಪ್ ನೀರಿಗೆ ಒಂದು ಚಿಕ್ಕ ಚಮಚ ಗ್ಲಿಸರಿನ್. ಗ್ಲಿಸರಿನ್ ನೀರನ್ನು ಎಳೆದುಕೊಳ್ಳುವ ವಸ್ತು. ಗಾಳಿ ತೀರಾ ಒಣಗಿದ್ದಾಗ ಅದು ಕೂದಲಿನ ತೇವವನ್ನೇ ಎಳೆಯುತ್ತದೆ, ತೀರಾ ತೇವವಿದ್ದಾಗ ಕೂದಲನ್ನು ಉಬ್ಬಿಸುತ್ತದೆ. ಆ ದಿನಗಳಲ್ಲಿ ಅಳತೆ ಇಳಿಸಿ. ಲೋಳೆಸರದ ತಿರುಳು ಸೇರಿಸುವುದಾದರೆ ಎಲೆ ಕತ್ತರಿಸಿ ನಿಲ್ಲಿಸಿಡಿ, ಹಳದಿ ರಸ ಪೂರ್ತಿ ಇಳಿಯಲಿ. ಚರ್ಮ ಕೆರೆಯುವುದು ಆ ರಸದಿಂದಲೇ.

ಹೆಚ್ಚು ಒಣಗಿದ ಕೂದಲಿಗೆ ನೀವು ಬಳಸುವ ಕಂಡೀಷನರ್‌ಗೇ ಒಂದು ಚಮಚ ಜೇನುತುಪ್ಪ ಕಲಸಿ ಹಚ್ಚಿ. ಶವರ್ ಕ್ಯಾಪ್ ಹಾಕಿ 20ರಿಂದ 30 ನಿಮಿಷ ಇರಿ, ತೊಳೆಯಿರಿ. ರಾತ್ರಿಯಿಡೀ ಬಿಟ್ಟರೆ ಲಾಭ ಹೆಚ್ಚುವುದಿಲ್ಲ.

ಇವು ಬೇಡ

ಬಾಳೆಹಣ್ಣು ಎಷ್ಟೇ ಅರೆದರೂ ಚೂರುಗಳು ಸುರುಳಿಯಲ್ಲಿ ಸಿಕ್ಕಿಕೊಳ್ಳುತ್ತವೆ, ಒಣಗಿದ ಮೇಲೆ ಕೀಳುವುದೇ ದೊಡ್ಡ ಕೆಲಸ. ಮೊಟ್ಟೆಯ ಪ್ರೋಟೀನ್ ಅಣು ಕೂದಲೊಳಗೆ ಹೋಗಲಾರದಷ್ಟು ದೊಡ್ಡದು. ಬಿಸಿನೀರು ಬಿದ್ದರೆ ಅದು ತಲೆಯ ಮೇಲೇ ಬೇಯುತ್ತದೆ. ಅಡುಗೆ ಸೋಡಾವನ್ನಂತೂ ದಯವಿಟ್ಟು ಮುಟ್ಟಬೇಡಿ. ಅದು ಕ್ಷಾರ, ಕೂದಲಿನ ಹೊರಪದರವನ್ನು ಎಬ್ಬಿಸಿ ಇನ್ನಷ್ಟು ಒರಟು ಮಾಡುತ್ತದೆ. ನಿಂಬೆರಸವನ್ನು ನೇರವಾಗಿ ಹಚ್ಚುವುದೂ ಬೇಡ, ನೆತ್ತಿ ಉರಿಯುತ್ತದೆ.

ಯಾವುದೇ ಮಿಶ್ರಣವನ್ನು ಮೊದಲು ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಒಂದು ದಿನ ನೋಡಿ. ಕೆಂಪಾದರೆ, ತುರಿಸಿದರೆ ಬೇಡ.

ಆರೈಕೆ ಹಿಡಿಸುತ್ತಿದೆಯೋ ಇಲ್ಲವೋ ತಿಳಿಯಲು ಉದುರಿದ ಒಂದು ಒದ್ದೆ ಎಳೆಯನ್ನು ಎರಡು ಬೆರಳಲ್ಲಿ ನಿಧಾನವಾಗಿ ಎಳೆಯಿರಿ. ಸ್ವಲ್ಪ ಹಿಗ್ಗಿ ಮತ್ತೆ ಮೊದಲಿನಂತಾದರೆ ಸರಿಯಿದೆ. ಹಿಗ್ಗದೆ ಪಟ್ಟನೆ ತುಂಡಾದರೆ ತೇವ ಸಾಲದು, ವಾರಕ್ಕೊಮ್ಮೆ ಮುಂದುವರಿಸಿ. ಹಿಗ್ಗುತ್ತಲೇ ಹೋಗಿ ಮೆತ್ತಗೆ ಜೋತುಬಿದ್ದರೆ ಆರೈಕೆ ಅತಿಯಾಗಿದೆ, ಎರಡು ವಾರ ಬಿಡುವು ಕೊಡಿ. ನೆತ್ತಿಯಲ್ಲಿ ಹಳದಿ ಹೊಟ್ಟು, ಹುಣ್ಣು ಇದ್ದರೆ ಅಥವಾ ಕೂದಲು ಗುಂಪುಗುಂಪಾಗಿ ಉದುರುತ್ತಿದ್ದರೆ ಎಣ್ಣೆ, ಲೋಳೆ ಎಲ್ಲ ನಿಲ್ಲಿಸಿ ಮೊದಲು ಚರ್ಮದ ಡಾಕ್ಟರಿಗೆ ತೋರಿಸಿ.